ಕುತ್ತಿಗೆಯ ಮೇಲಿನ ಎರಡು ಗುರುತು

ಎಫ್ರಾಟ ಬಳಿ, ಪೆನ್ಸಿಲ್ವೇನಿಯ
30 ಡಿಸೆಂಬರ್ 1933

ಕ್ಲೆಮೆಂಟ್ ಹಾಫರ್ ಅವರಿಗೆ,

ನಮ್ಮ ಮೆನೊನೈಟ್ ಕ್ರೈಸ್ತ ಪಂಗಡದಲ್ಲಿ ಹೆಸರಿನ ಮುಂದೆ ಶ್ರೀಯುತ ಗಿರಿಯುತ ಸೇರಿಸುವ ಪದ್ಧತಿ ಇಲ್ಲ. ಬರೀ ಹೆಸರು ಬರೆದಳೆಂದು ತಪ್ಪು ತಿಳಿಯಬೇಡಿ. ಫಿಲಡೆಲ್ಫಿಯದಲ್ಲಿ ಹಳೆಯ ಚಿನ್ನದ ನಾಣ್ಯ ನೋಡಿ ಹೇಳುವವರು ನೀವು ಎಂದು ಇಲ್ಲಿಯ ಗಡಿಯಾರದಂಗಡಿಯವರು ವಿಳಾಸ ಕೊಟ್ಟರು.

ಸರ್ಕಾರದ ಹೊಸ ಆಜ್ಞೆ ನೀವೂ ಓದಿರುತ್ತೀರಿ. ಮನೆಯಲ್ಲಿ ಒಂದೇ ಒಂದು ಚಿನ್ನದ ನಾಣ್ಯ ಇದ್ದರೂ ಬ್ಯಾಂಕಿಗೆ ಒಪ್ಪಿಸಬೇಕಂತೆ. ಏಪ್ರಿಲ್‌ನಲ್ಲಿ ಇಂಥದೇ ಆಜ್ಞೆ ಬಂದಾಗ ನಾಲ್ಕಾರು ಇದ್ದರೆ ಇರಲಿ ಅಂದಿದ್ದರು. ಈಗ ಅದೂ ಇಲ್ಲ. ಒಪ್ಪಿಸಿದ್ದನ್ನೆಲ್ಲ ಕರಗಿಸಿ ಗಟ್ಟಿ ಮಾಡುತ್ತಾರಂತೆ.

ನಮ್ಮಲ್ಲಿರುವುದು ಒಂದೇ, ಐದು ಡಾಲರಿನದು. ನನ್ನ ಗಂಡ ಏಬ್ರಮ್ ಅವರ ಮುತ್ತಜ್ಜ ಒಂದು ಜೊತೆ ಕುದುರೆ ಮಾರಿದಾಗ ಬಂದದ್ದು. ನಾವು ಚಿನ್ನ ತೊಡುವವರಲ್ಲ. ಹಾಗಾಗಿ ಅದು ಈ ಮನೆಯಲ್ಲಿ ಒಂದೇ ಕೆಲಸಕ್ಕೆ ಬಂದಿದೆ. ಮಗುವಿಗೆ ಹಲ್ಲು ಮೂಡುವಾಗ ಬಾಯಿಗೆ ಕೊಡುತ್ತೇವೆ. ಚಿನ್ನ ಕಚ್ಚಿದರೆ ಹಲ್ಲು ನೋವಿಲ್ಲದೆ ಬರುತ್ತದೆ ಎನ್ನುವುದು ಇವರ ಮನೆಯ ನಂಬಿಕೆ. ಮಾವನವರು, ಏಬ್ರಮ್, ಅವರ ಅಣ್ಣತಮ್ಮಂದಿರು ಎಲ್ಲರೂ ಇದನ್ನೇ ಚೀಪಿದವರು. ಆದರೆ ಗುರುತು ಮಾಡಿದವನು ನಮ್ಮ ಎನೋಸ್ ಒಬ್ಬನೇ. ನಾಣ್ಯದ ಮೇಲಿನ ಹೆಂಗಸಿನ ಕುತ್ತಿಗೆಯಲ್ಲಿ ಎರಡು ಸಣ್ಣ ಗುಂಡಿ ಇವೆ, ನೋಡಿ. ಅವು ಅವನ ಹಲ್ಲು. "ಏಬ್ರಮ್ ಬರೀ ಜೊಲ್ಲು ಸುರಿಸ್ತಿದ್ದ. ಈ ಪೋರ ನೋಡು, ಸರ್ಕಾರದ ದುಡ್ಡನ್ನೇ ಕಚ್ಚಿಬಿಟ್ಟ" ಅಂತ ಅತ್ತೆ ಫ್ಯಾನಿ ಬೀದಿಗೆಲ್ಲ ತೋರಿಸಿಕೊಂಡು ಬಂದಿದ್ದರು.

ಆ ಗುರುತಿಗಾಗಿ ಈ ನಾಣ್ಯ ನನಗೆ ಬೇಕು. ಬೇರೆ ಕಾರಣ ಇಲ್ಲ, ಮಾರುವ ಯೋಚನೆಯಂತೂ ಇಲ್ಲವೇ ಇಲ್ಲ.

ಬ್ಯಾಂಕಿನವರನ್ನು ಕೇಳಿದೆ. "ಅಪರೂಪದ್ದು, ಸಂಗ್ರಹ ಮಾಡೋರು ಹುಡುಕ್ಕೊಂಡು ಬರೋ ಅಂಥದ್ದು ಅಂತ ತಿಳಿದೋರು ಬರೆದುಕೊಟ್ರೆ ಇಟ್ಕೋಬಹುದಮ್ಮ. ಆದ್ರೆ ಇದಕ್ಕೆ ಗುಂಡಿ ಬಿದ್ದಿದೆ, ಸವೆದಿದೆ. ಇದನ್ನ ಯಾರು ಹುಡುಕ್ಕೊಂಡು ಬರ್ತಾರೆ?" ಅಂದರು. ನೀವು ನೋಡಿ ಹೇಳಿ. ಬಟ್ಟೆಯಲ್ಲಿಟ್ಟು ಹೊಲಿದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ.

ಸಲೋಮಿ ಗಿಂಗ್ರಿಚ್


ಫಿಲಡೆಲ್ಫಿಯ
3 ಜನವರಿ 1934

ಶ್ರೀಮತಿ ಗಿಂಗ್ರಿಚ್ ಅವರಿಗೆ,

ನಮ್ಮಲ್ಲಿ ಶ್ರೀಮತಿ ಎನ್ನುವ ಪದ್ಧತಿ ಇದೆ. ನೀವೂ ತಪ್ಪು ತಿಳಿಯಬೇಡಿ.

ನಿಮ್ಮ ಹೊಲಿಗೆ ಬಿಚ್ಚಲು ನನಗೆ ಅರ್ಧ ಬೆಳಗು ಹಿಡಿಯಿತು. ಒಳಗಿನದನ್ನು ಕಂಡ ಮೇಲೆ ಮಧ್ಯಾಹ್ನದ ಊಟ ಮರೆತೆ. ಹೋದ ವಾರದಿಂದ ನನ್ನ ಅಂಗಡಿಗೆ ಇಡೀ ಊರೇ ನುಗ್ಗುತ್ತಿದೆ. ಅಜ್ಜಿಯ ಪದಕ, ಅಜ್ಜನ ಅಂಗಿಯ ಗುಂಡಿ, ಚಿನ್ನದ ಬಣ್ಣ ಬಳಿದ ತಾಮ್ರ, ಎಲ್ಲವೂ ಅಪರೂಪವೆಂದು ಬರೆದುಕೊಡಬೇಕು. ಬೈದು ಬೈದು ಗಂಟಲು ಕಟ್ಟಿದೆ. ಅವುಗಳ ನಡುವೆ ನಿಮ್ಮದು ಬಂತು.

ನಾನು ನಾಣ್ಯಕ್ಕೆ ಕೇಳುವುದು ಎರಡೇ ಪ್ರಶ್ನೆ. ನಿನ್ನಂಥವರು ಲೋಕದಲ್ಲಿ ಎಷ್ಟು ಮಂದಿ ಇದ್ದೀರಿ? ನೀನು ಎಷ್ಟು ಚೆನ್ನಾಗಿ ಉಳಿದಿದ್ದೀಯ? ಮೊದಲನೆಯದಕ್ಕೆ ನಿಮ್ಮ ನಾಣ್ಯದ ಉತ್ತರ ಜೋರಾಗಿದೆ. ಇದು 1824ರದು. ಆ ಕಾಲದ ಐದು ಡಾಲರಿನಲ್ಲಿ ಐದು ಡಾಲರಿಗಿಂತ ಹೆಚ್ಚಿನ ಚಿನ್ನ ಇರುತ್ತಿತ್ತು. ವ್ಯಾಪಾರಿಗಳು ಬಿಡುತ್ತಾರೆಯೇ? ಪೀಪಾಯಿಗಟ್ಟಲೆ ಯುರೋಪಿಗೆ ಸಾಗಿಸಿ ಕರಗಿಸಿದರು. ಇದರ ಒಡಹುಟ್ಟಿದವರೆಲ್ಲ ಕುಲುಮೆ ಸೇರಿದ್ದಾರೆ. ನಾನು ಈ ಕಸುಬಿನಲ್ಲಿ ಮುದುಕನಾದೆ, ಈ ವರ್ಷದ್ದು ಕಂಡದ್ದು ನಾಲ್ಕೇ. ನಿಮ್ಮದು ಐದನೆಯದು.

ಎರಡನೆಯ ಪ್ರಶ್ನೆಗೆ ಉತ್ತರ ಅಷ್ಟು ಜೋರಾಗಿಲ್ಲ. ಕಿವಿಯ ಮೇಲಿನ ಕೂದಲಿನ ಎಳೆ ಸವೆದಿದೆ, ಹಿಂಬದಿಯ ಹದ್ದಿನ ಎಡ ರೆಕ್ಕೆಯ ಗರಿ ಮಸುಕಾಗಿದೆ. ಇವು ವಯಸ್ಸಿನ ಲಕ್ಷಣ, ಕ್ಷಮಿಸಬಹುದು. ನಕ್ಷತ್ರಗಳ ಸಂದಿಯಲ್ಲಿ ಟಂಕಸಾಲೆಯಿಂದ ಹೊರಬಿದ್ದ ದಿನದ ಹೊಳಪು ಇನ್ನೂ ಇದೆ. ಅದನ್ನು ನೋಡುತ್ತ ಕೂರಬೇಕೆನಿಸುತ್ತದೆ. ಆದರೆ ಕುತ್ತಿಗೆಯ ಆ ಎರಡು ಗುಂಡಿಗಳದ್ದೇ ತೊಂದರೆ. ಹೋದ ವಾರ ತೂತು ಬಿದ್ದ ಒಂದು ನಾಣ್ಯಕ್ಕೆ ನಾನು ಬರೆದುಕೊಟ್ಟ ಪ್ರಮಾಣಪತ್ರವನ್ನು ಒಬ್ಬ ಅಧಿಕಾರಿ ನನ್ನ ಮುಖದೆದುರೇ ತಳ್ಳಿಹಾಕಿದ. "ಏನ್ರೀ ಹಾಫರ್, ಕೆಟ್ಟುಹೋದದ್ದನ್ನೆಲ್ಲ ಅಪರೂಪ ಅಂತೀರಲ್ಲ" ಎಂದ. ನಿಮ್ಮದಕ್ಕೂ ಹಾಗೆ ಆಗಬಾರದು.

ಇನ್ನೊಂದು ಮಾತು. ನಿಮ್ಮ ಎನೋಸ್ ನಿರಪರಾಧಿ. ಇದು ಹನ್ನೆರಡು ಪಾಲಿನಲ್ಲಿ ಹನ್ನೊಂದು ಚಿನ್ನ, ಉಳಿದದ್ದು ತಾಮ್ರ ಮತ್ತು ಬೆಳ್ಳಿ. ಈ ಬೆರಕೆಗೆ ಹಾಲುಹಲ್ಲು ನಾಟುವುದಿಲ್ಲ. ಎಂದೋ ಕಲ್ಲಿನ ಮೇಲೆ ಬಿದ್ದಿರಬೇಕು. ಅವನಿಗೆ ನಾನು ಬಿಡುಗಡೆ ಕೊಟ್ಟಿದ್ದೇನೆಂದು ಹೇಳಿ. ಆದರೂ ಇನ್ನು ಮುಂದೆ ಬ್ರೆಡ್ಡು, ಸೇಬು ಕಚ್ಚಿಕೊಂಡಿರಲಿ.

ನಾಣ್ಯದ ಸ್ಥಿತಿಯನ್ನು ತುಸು ಸರಿಪಡಿಸಿದರೆ ಪ್ರಮಾಣಪತ್ರಕ್ಕೆ ಯಾರೂ ಚಕಾರ ಎತ್ತಲಾರರು. ನಿಮ್ಮ ಒಪ್ಪಿಗೆ ತಿಳಿಸಿ. ದಿನಗಳು ಹೆಚ್ಚಿಲ್ಲ.

ಕ್ಲೆಮೆಂಟ್ ಹಾಫರ್


ಎಫ್ರಾಟ ಬಳಿ
6 ಜನವರಿ 1934

ಹಾಫರ್ ಅವರಿಗೆ,

ನಿಮ್ಮ ಪತ್ರವನ್ನು ಏಬ್ರಮ್ ಗಟ್ಟಿಯಾಗಿ ಓದಿದರು. ಐದನೆಯದು ಎಂದಲ್ಲಿಗೆ ಅತ್ತೆ ತಲೆ ಎತ್ತಿದರು. "ನಾಣ್ಯದ ಮೇಲಿರೋಳು ನಮ್ಮ ಹಾಗೇ ಟೊಪ್ಪಿಗೆ ಹಾಕ್ಕೊಂಡಿದಾಳೆ, ಕೂದ್ಲು ಮಾತ್ರ ಹೊರಗೆ ಬಿಟ್ಕೊಂಡಿದಾಳೆ ಮಾನಗೆಟ್ಟೋಳು. ಅವಳಿಗೆ ಇಷ್ಟು ಬೆಲೇನಾ?" ಅಂದರು. ಎನೋಸ್‌ನ ಮಾತು ಬಂದಾಗ ಏಬ್ರಮ್ ಪತ್ರ ಮಡಿಚಿಟ್ಟು ಕೊಟ್ಟಿಗೆಗೆ ಹೋದರು. ಉಳಿದದ್ದನ್ನು ನಾನೇ ಓದಿಕೊಂಡೆ.

ನಮ್ಮ ಬಿಷಪ್ ಭಾನುವಾರ ಚಿನ್ನದ ವಿಷಯ ಎತ್ತಿದ್ದರು. ಸರ್ಕಾರ ಕೇಳಿದ್ದನ್ನು ಕೊಟ್ಟುಬಿಡಬೇಕು ಎಂಬುದು ಅವರ ಮಾತು. ಏಬ್ರಮ್‌ಗೂ ಒಳಗೊಳಗೆ ಹಾಗೇ ಇದೆ. ಆದರೆ ಸರ್ಕಾರವೇ ಇಟ್ಟುಕೊಳ್ಳಿ ಎಂದರೆ ಅದು ತಪ್ಪಾಗುವುದಿಲ್ಲವಲ್ಲ. ಅದಕ್ಕೇ ನಿಮ್ಮ ಚೀಟಿ ನನಗೆ ಬೇಕು.

ಕೊಳೆ ತೆಗೆಯಬೇಕಿದ್ದರೆ ತೆಗೆಯಿರಿ, ಉಜ್ಜಬೇಕಿದ್ದರೆ ಉಜ್ಜಿ. ಏನು ಮಾಡಬೇಕೋ ಅದನ್ನು ಮಾಡಿ. ಸರ್ಕಾರದ ಕುಲುಮೆಗೆ ಮಾತ್ರ ಅದು ಹೋಗಬಾರದು.

ಎನೋಸ್ ಈಗ ಅದನ್ನು ಕಚ್ಚುವುದಿಲ್ಲ.

ಸಲೋಮಿ


ಎಫ್ರಾಟ ಬಳಿ
9 ಜನವರಿ 1934

ಹಾಫರ್ ಅವರಿಗೆ,

ಹಿಂದಿನ ಪತ್ರ ಹಾಕಿದ ಮೇಲೆ ಮನಸ್ಸಿಗೆ ಸಮಾಧಾನ ಇಲ್ಲ. ನೀವು ಎನೋಸ್ ಬದುಕಿದ್ದಾನೆಂದು ತಿಳಿದು ತಮಾಷೆ ಮಾಡಿದಿರಿ. ನಾನು ತಿದ್ದಲಿಲ್ಲ. ಯಾರೋ ಒಬ್ಬರ ಲೆಕ್ಕದಲ್ಲಾದರೂ ಅವನು ಸೇಬು ಕಚ್ಚಿಕೊಂಡಿರಲಿ ಅನ್ನಿಸಿತು. ಅದು ಸುಳ್ಳು ಹೇಳಿದ ಹಾಗೇ ಆಯಿತು, ನಮ್ಮಲ್ಲಿ ಅದಕ್ಕೆ ಅವಕಾಶ ಇಲ್ಲ.

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಗಂಟಲಮಾರಿ ಬಂತು. ಎನೋಸ್‌ಗೆ ಆಗ ಮೂರು ತುಂಬಿರಲಿಲ್ಲ. ಅವನು ಹೋದ ಮೇಲೆ ಆರೋಗ್ಯ ಇಲಾಖೆಯವರು ಬಂದು ಅವನು ಮುಟ್ಟಿದ್ದನ್ನೆಲ್ಲ ಅಂಗಳದಲ್ಲಿ ಹಾಕಿ ಸುಟ್ಟರು. ಹಾಸಿಗೆ, ಅಂಗಿ, ಏಬ್ರಮ್ ಕೆತ್ತಿ ಕೊಟ್ಟಿದ್ದ ಮರದ ಹಸು, ಅವನ ಚಮಚ. ಅವರ ತಪ್ಪಲ್ಲ, ಊರಿನಲ್ಲಿ ಬೇರೆ ಮಕ್ಕಳಿದ್ದಾರೆ. "ಒಂದು ಟೊಪ್ಪಿನಾದ್ರೂ ಬಿಡ್ರಪ್ಪಾ" ಅಂತ ಅತ್ತೆ ಕೇಳಿದರು. "ಆಗಲ್ಲಜ್ಜಿ" ಅಂದರು.

ನಮ್ಮ ಪಂಗಡದಲ್ಲಿ ಫೋಟೋ ತೆಗೆಸುವಂತಿಲ್ಲ. ನಮ್ಮ ಮನೆಯಲ್ಲಿ ಯಾರದ್ದೂ ಇಲ್ಲ. ಅವನ ಮುಖ ನನಗೆ ಈಗೀಗ ಸರಿಯಾಗಿ ಬರುವುದಿಲ್ಲ. ಅಣ್ಣನ ಮಕ್ಕಳ ಮುಖ ನಡುವೆ ಬಂದು ಸೇರಿಕೊಳ್ಳುತ್ತದೆ. ನಾಣ್ಯ ಗಡಿಯಾರದ ಪೆಟ್ಟಿಗೆಯೊಳಗೆ ಇತ್ತು, ಚಿನ್ನವನ್ನು ಸುಡಲು ಯಾರಿಗೂ ತೋಚಲಿಲ್ಲ. ಅವನು ಈ ಲೋಕದಲ್ಲಿ ಇದ್ದ ಎನ್ನುವುದಕ್ಕೆ ಉಳಿದಿರುವುದು ಆ ಎರಡು ಗುಂಡಿ. ಕೆಲಸದ ನಡುವೆ ಹೋಗಿ ಅದರ ಮೇಲೆ ಹೆಬ್ಬೆರಳು ಇಟ್ಟು ಬರುತ್ತೇನೆ. ಏಬ್ರಮ್ ಅವನ ಹೆಸರನ್ನೇ ಎತ್ತುವುದಿಲ್ಲ. ಎತ್ತಿದರೆ ಎದ್ದು ಹೋಗುತ್ತಾರೆ.

ಅದು ಹಲ್ಲಲ್ಲ ಎಂದು ನೀವು ಬರೆದಾಗ ನನಗೆ ಸಿಟ್ಟು ಬಂತು. ನಿಮಗೆ ಚಿನ್ನ ಗೊತ್ತಿರಬಹುದು, ನಮ್ಮ ಹುಡುಗ ಗೊತ್ತಿಲ್ಲ. ಒಂದು ಉಪಕಾರ ಮಾಡಿ. ಪ್ರಮಾಣಪತ್ರದಲ್ಲಿ ಈ ಗುರುತಿನ ಮಾತನ್ನೂ ಒಂದು ಸಾಲು ಬರೆಯಿರಿ. ನಮ್ಮ ಕಾಲದ ನಂತರ ಇದು ಯಾರ ಕೈಗೆ ಹೋದರೂ ಅವರಿಗೆ ತಿಳಿಯಲಿ.

ಸಲೋಮಿ


ಫಿಲಡೆಲ್ಫಿಯ
11 ಜನವರಿ 1934, ಗುರುವಾರ

ರೀಗಲ್,

ನಿನ್ನ ಕಿವುಡು ಕಿವಿಗೆ ಅಂಗಡಿಯಲ್ಲಿ ನಿಂತು ಕೂಗಿ ಹೇಳುವ ಮಾತಲ್ಲ, ಅದಕ್ಕೇ ಕೈಚೀಟಿ. ಮಂಗಳವಾರ ಆ ಐದು ಡಾಲರಿನ ಕುತ್ತಿಗೆಯ ಗುಂಡಿಗಳನ್ನು ಮುಚ್ಚಿ ಕೊಟ್ಟೆಯಲ್ಲ, ಸುತ್ತಲಿನ ಚಿನ್ನವನ್ನೇ ಒತ್ತಿ ತುಂಬಿಸಿ, ಭೂತಗನ್ನಡಿಗೂ ಕಾಣದ ಹಾಗೆ. ನಾನು ನಿನ್ನ ಬೆನ್ನು ತಟ್ಟಿದೆ. ಗಡಿಯಾರದ ಕವಚ ಕೆತ್ತುವವರಲ್ಲಿ ನಿನ್ನಂಥ ಕೈ ಈ ಊರಲ್ಲಿ ಇಲ್ಲ ಎಂದೆ. ಆ ಗುಂಡಿಗಳನ್ನು ಮತ್ತೆ ಮಾಡಿಕೊಡು.

ಅವು ಒಂದು ಸತ್ತ ಮಗುವಿನ ಹಲ್ಲಿನ ಗುರುತಂತೆ. ತಾಯಿ ಹಾಗೆ ನಂಬಿದ್ದಾಳೆ. ಅವಳ ಹತ್ತಿರ ಬೇರೆ ಏನೂ ಇಲ್ಲ. ಮೊದಲ ಪತ್ರದಲ್ಲೇ ಗುರುತಿಗಾಗಿ ಬೇಕು ಎಂದು ಬರೆದಿದ್ದಳು. ನಾನು ನಕ್ಕೆ. ಹಳೆಯ ನಾಣ್ಯದ ಜೊತೆ ಎಲ್ಲರೂ ಒಂದು ಕಥೆ ಕಳಿಸುತ್ತಾರೆ, ನನಗೆ ಕಥೆ ಬದಿಗಿಟ್ಟು ನಾಣ್ಯ ನೋಡಿ ಅಭ್ಯಾಸ. ಒಪ್ಪಿಗೆ ಕೇಳುವಾಗಲೂ ಗುಂಡಿ ಅಳಿಸುತ್ತೇನೆ ಎಂದು ಬಿಡಿಸಿ ಬರೆಯಲಿಲ್ಲ. ರಿಪೇರಿಯ ಮಾತನ್ನು ನಮ್ಮವರು ಯಾರೂ ಕಾಗದದ ಮೇಲೆ ಹಾಕುವುದಿಲ್ಲ, ನಿನಗೂ ಗೊತ್ತು. ಅವಳು ಕೊಳೆ ತೆಗೆಯುವುದೆಂದು ತಿಳಿದಳು.

ಗುಂಡಿ ಇದ್ದರೂ ನಾನು ಸಹಿ ಹಾಕಬಹುದಿತ್ತು. ನಾಲ್ಕು ಜನರೆದುರು ಇನ್ನೊಮ್ಮೆ ಮುಖಭಂಗ ಆಗದಿರಲಿ ಎಂದುಕೊಂಡೆ. ಅಷ್ಟೇ ಕಾರಣ.

ಈಗ ಕೇಳು. ನನ್ನ ಟಿಪ್ಪಣಿಯಲ್ಲಿ ಕೂದಲಿನ ಎಳೆ ಎಷ್ಟು ಸವೆದಿದೆ, ಯಾವ ನಕ್ಷತ್ರದ ಮೊನೆ ಮುರಿದಿದೆ ಎಲ್ಲ ಇದೆ. ಗುಂಡಿಗಳ ಬಗ್ಗೆ "ಕುತ್ತಿಗೆ, ಎರಡು ಪೆಟ್ಟು" ಎಂದಷ್ಟೇ ಇದೆ. ಹಾಳಾದ ಜಾಗವನ್ನು ನಾವು ಹೆಚ್ಚು ನೋಡುವುದಿಲ್ಲವಲ್ಲ. ಎರಡರ ನಡುವೆ ಎಷ್ಟು ಅಂತರ ಇತ್ತು? ಯಾವುದು ಆಳ? ನಿನ್ನ ಕೈಗೆ ನೆನಪಿದ್ದರೆ ಹಾಗೆ ಮಾಡು. ನಾವಿಬ್ಬರೂ ಇಷ್ಟು ವರ್ಷ ಖೋಟಾ ಹಿಡಿದವರು, ಮಾಡಿದವರಲ್ಲ. ಬಯ್ಯುವುದಿದ್ದರೆ ಆಮೇಲೆ ಬಯ್ಯಿ. ನಾಳೆ ಬೆಳಗಿನ ಅಂಚೆಗೆ ಬೇಕು.

ಹಾಫರ್


ಫಿಲಡೆಲ್ಫಿಯ
12 ಜನವರಿ 1934

ಶ್ರೀಮತಿ ಗಿಂಗ್ರಿಚ್ ಅವರಿಗೆ,

ನಿಮ್ಮ ಪತ್ರ ತಲುಪಿತು. ನನ್ನ ತಮಾಷೆಗಾಗಿ ಕ್ಷಮೆ ಕೇಳುತ್ತೇನೆ. ನಿಮ್ಮ ಮಗನ ವಿಷಯ ತಿಳಿದು ದುಃಖವಾಯಿತು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ನಾಣ್ಯವನ್ನೂ ಪ್ರಮಾಣಪತ್ರವನ್ನೂ ಇದರೊಂದಿಗೆ ಕಳಿಸಿದ್ದೇನೆ. ಅಪರೂಪದ್ದು, ಸಂಗ್ರಹಕಾರರು ಬಯಸುವಂಥದು ಎಂದು ಬರೆದು ಸಹಿ ಹಾಕಿದ್ದೇನೆ. ನೀವು ಕೇಳಿದ ಸಾಲನ್ನೂ ಸೇರಿಸಿದ್ದೇನೆ. ಬ್ಯಾಂಕಿನವರು ತಕರಾರು ಮಾಡಿದರೆ ನೇರವಾಗಿ ನನಗೆ ಬರೆಯಲು ಹೇಳಿ.

ಮತ್ತೊಮ್ಮೆ ಪರೀಕ್ಷಿಸಿ ನೋಡಿದೆ. ಅವು ಹಾಲುಹಲ್ಲಿನವೇ ಇರಬೇಕು, ನಾನು ಅವಸರದಲ್ಲಿ ತಪ್ಪು ಹೇಳಿದ್ದೆ. ಗುರುತುಗಳು ಇದ್ದಲ್ಲೇ ಇವೆ.

ನನ್ನ ಶುಲ್ಕ ಕಳಿಸುವ ಅಗತ್ಯವಿಲ್ಲ.

ಕ್ಲೆಮೆಂಟ್ ಹಾಫರ್


ಎಫ್ರಾಟ ಬಳಿ
17 ಜನವರಿ 1934

ಹಾಫರ್ ಅವರಿಗೆ,

ಸೋಮವಾರ ನಿಮ್ಮ ಲಕೋಟೆ ಬಂತು. ಏಬ್ರಮ್ ಬಟ್ಟೆ ಬಿಚ್ಚಿ ನಾಣ್ಯವನ್ನು ಮೊದಲು ನನ್ನ ಕೈಗೇ ಕೊಟ್ಟರು. ನಾನು ಹೆಬ್ಬೆರಳು ಇಟ್ಟೆ. ಅದು ಎನೋಸ್‌ನದಲ್ಲ.

ಎಡಗಡೆಯ ಗುರುತು ಆಳ ಇತ್ತು, ಆ ಹಲ್ಲು ಮೊದಲು ಬಂದಿತ್ತು. ಬಲಗಡೆಯದು ಇದೆಯೋ ಇಲ್ಲವೋ ಎನ್ನುವಷ್ಟು. ಎರಡರ ಅಂಚೂ ನನ್ನ ಬೆರಳಿಗೆ ಸವೆದು ಮೆತ್ತಗಾಗಿದ್ದವು. ಈಗಿನವು ಎರಡೂ ಒಂದೇ ಸಮ, ಅಂಚು ಉಗುರಿಗೆ ತಗಲುತ್ತದೆ. ಏನಾಯಿತೆಂದು ನೀವು ಬರೆಯಬೇಡಿ, ನಾನೇ ಊಹಿಸಿಕೊಂಡಿದ್ದೇನೆ. ಏನು ಮಾಡಬೇಕೋ ಮಾಡಿ ಎಂದವಳು ನಾನೇ. ಅಳಿಸಿದ್ದಕ್ಕೆ ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಇದ್ದಲ್ಲೇ ಇವೆ ಎಂದು ಬರೆದಿರಲ್ಲ, ಅದಕ್ಕೆ ಇದೆ.

ನನ್ನ ಕೈಯಿಂದ ಏಬ್ರಮ್ ತೆಗೆದುಕೊಂಡರು. ನಿಮ್ಮ ಪತ್ರದ ಆ ಸಾಲನ್ನು ಎರಡು ಸಲ ಓದಿದರು. "ನೋಡ್ದೇನಮ್ಮಾ, ಅಷ್ಟು ತಿಳಿದೋರೇ ಬರೆದಿದಾರೆ. ಎನೋಸ್‌ದೇ ಅಂತೆ" ಅಂದರು. ಅವರ ಬಾಯಲ್ಲಿ ಆ ಹೆಸರು ಕೇಳಿ ಅತ್ತೆ ಒಲೆಯ ಮುಂದಿನ ಕೆಲಸ ಹಾಗೇ ಬಿಟ್ಟು ಅತ್ತರು. ಏಬ್ರಮ್ ಆ ಗುಂಡಿಯ ಮೇಲೆ ಬೆರಳಾಡಿಸುತ್ತ ಕೂತರು. "ಎಲ್ಲೂ ಹೋಗಿಲ್ಲ ಕಣೇ ಇವನು" ಅಂದರು.

ನಿನ್ನೆ ಇಡೀ ದಿನ ಅದನ್ನೇ ನೋಡಿದೆ. ಹಾಲು ಕರೆದು ಬಂದವರು ಕೈ ಒರೆಸಿಕೊಂಡು ಗಡಿಯಾರದ ಹತ್ತಿರ ಹೋಗುತ್ತಾರೆ, ಸವರುತ್ತಾರೆ, ನನ್ನ ಕಡೆ ನೋಡಿ ನಗುತ್ತಾರೆ. ಅವರಿಗೆ ಹೇಳಿದರೆ ಮಗ ಇನ್ನೊಂದು ಸಲ ಸಾಯುತ್ತಾನೆ. ಹೇಳದೆ ಸಾಯುವವರೆಗೆ ಇದನ್ನು ನೋಡಿಕೊಂಡಿರಲು ನನ್ನಿಂದ ಆಗದು.

ಇವತ್ತೇ ಕೊನೆಯ ದಿನ ಎಂದು ಬ್ಯಾಂಕಿನವರು ಹೇಳಿ ಕಳಿಸಿದ್ದರು. "ಬಿಷಪ್ ಹೇಳಿದ್ದೇ ಸರಿ, ಒಪ್ಪಿಸಿಬಿಡೋಣ" ಅಂದೆ.

"ಚೀಟಿ ಇದೆಯಲ್ಲೇ ಸಲೋಮಿ. ಬೇಕು ಬೇಕು ಅಂದೋಳು ನೀನೇ. ಈಗೇನಾಯ್ತು?"

"ಎಲ್ಲರ ಮನೇದೂ ಹೋಗಿದೆ. ನಮ್ಮದೊಂದು ಯಾಕೆ ಉಳೀಬೇಕು?"

ಅವರು ನನ್ನನ್ನು ಗುರುತಿಲ್ಲದವಳನ್ನು ನೋಡುವ ಹಾಗೆ ನೋಡಿದರು. ವಾದ ಮಾಡಲಿಲ್ಲ, ಗಾಡಿ ಕಟ್ಟಿದರು. ಬ್ಯಾಂಕಿನ ಬಾಗಿಲಲ್ಲಿ ಜೇಬಿನಿಂದ ತೆಗೆದು ಕೊನೆಯ ಸಲ ಹೆಬ್ಬೆರಳು ಇಟ್ಟು, ಮಗುವಿನ ಹಣೆಗೆ ಕೊಡುವ ಹಾಗೆ ಒಂದು ಮುತ್ತು ಕೊಟ್ಟರು. ಒಳಗೆ ಒಬ್ಬ ಅದನ್ನು ಉಳಿದವುಗಳ ಜೊತೆ ಡಬ್ಬಕ್ಕೆ ಹಾಕಿ ಐದು ಡಾಲರಿನ ನೋಟು ಕೊಟ್ಟ. ದಾರಿಯುದ್ದಕ್ಕೂ ಏಬ್ರಮ್ ನನ್ನ ಜೊತೆ ಮಾತಾಡಲಿಲ್ಲ. ಇನ್ನು ಮಾತಾಡಿದರೂ ಇದನ್ನು ಮರೆಯುವುದಿಲ್ಲ. ಮಗನ ಕೊನೆಯ ಗುರುತನ್ನು ಕುಲುಮೆಗೆ ಹಾಕಿಸಿದವಳು ನಾನು ಎಂದೇ ಅವರು ತಿಳಿದಿರುತ್ತಾರೆ. ತಿಳಿದಿರಲಿ. ನಿಮ್ಮ ಪ್ರಮಾಣಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ.

ಮನೆಗೆ ಬಂದು ನಿಮ್ಮ ಮೊದಲ ಪತ್ರ ತೆಗೆದು ಓದಿದೆ. ಚಿನ್ನಕ್ಕೆ ಹಾಲುಹಲ್ಲು ನಾಟುವುದಿಲ್ಲ, ಎಂದೋ ಕಲ್ಲಿನ ಮೇಲೆ ಬಿದ್ದಿರಬೇಕು ಎಂದು ಬರೆದಿದ್ದೀರಿ. ನೀವು ನನಗೆ ಸುಳ್ಳು ಹೇಳುವ ಮೊದಲು ಬರೆದ ಮಾತು ಅದು, ನಿಜವೇ ಇರಬೇಕು. ಅದು ನಿಜವಾದರೆ ಅಲ್ಲಿ ಎನೋಸ್ ಎಂದೂ ಇರಲಿಲ್ಲ, ನಾವು ಕಳೆದುಕೊಂಡದ್ದೂ ಏನಿಲ್ಲ. ಸಂಜೆಯಿಂದ ಹಾಗೆಂದು ನಂಬಲು ನೋಡುತ್ತಿದ್ದೇನೆ. ಆಗುತ್ತಿಲ್ಲ. ಅವನು ಕಚ್ಚಿದಾಗ ಆ ನಾಣ್ಯವನ್ನು ಹಿಡಿದಿದ್ದ ಕೈ ನನ್ನದು.

ಸಲೋಮಿ ಗಿಂಗ್ರಿಚ್